ಹದಿನೇಳನೇ ಮನೆಯ ಆರು ಗಂಟೆ ಹತ್ತು ನಿಮಿಷ

ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಆಕೆಯನ್ನು ಎಲ್ಲರೂ ಪುಟದಕ್ಕ ಎಂದೇ ಕರೆಯುತ್ತಾರೆ. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿದೆ. ಆ ಹೆಸರು ಹಿಡಿದು ಯಾರಾದರೂ ಕೂಗಿದರೆ ಆಕೆಗೇ ಒಂದು ಗಳಿಗೆ ತಡವಾಗಿ ಕೇಳಿಸುತ್ತದೆ.

ನೆಲಮಾಳಿಗೆಯ ಕೊನೆಯ ಕೋಣೆ ಆಕೆಯದು. ಕಿಟಕಿಗೆ ಕಪ್ಪು ಬಟ್ಟೆ ಹೊಡೆದಿದೆ. ನಡುವೆ ಒಂದು ಯಂತ್ರ. ತೊಟ್ಟಿಲಲ್ಲಿ ಕೂಸನ್ನು ಮಲಗಿಸಿದ ಹಾಗೆ ಪುಸ್ತಕವನ್ನು ಅರ್ಧ ತೆರೆದು ಮಲಗಿಸಬೇಕು, ಮೇಲಿಂದ ಗಾಜು ಇಳಿಸಬೇಕು, ಕಾಲಲ್ಲಿ ಪೆಡಲ್ ಒತ್ತಬೇಕು. ಮಿಂಚಿದ ಹಾಗೆ ಬೆಳಕು ಬಂದು ಎಡಪುಟ ಬಲಪುಟ ಎರಡೂ ಕಂಪ್ಯೂಟರಿನೊಳಗೆ ಹೋಗುತ್ತವೆ. ಗಾಜು ಎತ್ತು, ಪುಟ ತಿರುವು, ಗಾಜು ಇಳಿಸು, ಒತ್ತು. ಪುಟ ಜಾರದಿರಲೆಂದು ತೋರುಬೆರಳಿಗೆ ರಬ್ಬರಿನ ಟೋಪಿ. ದಿನಕ್ಕೆ ಎಂಟುನೂರು ಪುಟ.

ಈ ಯಂತ್ರ ಬಂದಾಗ ಗ್ರಂಥಾಲಯದ ಗಂಡಸರು ಯಾರೂ ಅದರ ಹತ್ತಿರ ಸುಳಿಯಲಿಲ್ಲ. ಬರೀ ಪುಟ ತಿರುಗಿಸೋ ಕೆಲಸ, ಅದಕ್ಕೇನು ಬುದ್ಧಿ ಬೇಕು, ಎಂದರು. ದಿನಗೂಲಿಯ ಮೇಲೆ ಕಸ ಗುಡಿಸಲು ಬಂದು, ಆಮೇಲೆ ಕಪಾಟು ಒರೆಸಿ, ಆಮೇಲೆ ಪುಸ್ತಕಗಳ ಬೆನ್ನಿಗೆ ಸಂಖ್ಯೆ ಅಂಟಿಸುವ ಮಟ್ಟಕ್ಕೆ ಏರಿದ್ದ ಪುಟದಕ್ಕ, "ನನಗೆ ಕೊಡಿ ಸಾರ್" ಎಂದಳು. "ಒಂದೇ ಕೆಲಸ ಸಾವಿರ ಸಲ ಮಾಡೋದು ನನಗೇನು ಹೊಸದಾ?"

ಅಲ್ಲಿಯವರೆಗೆ ಸ್ನಾತಕೋತ್ತರ ವಿದ್ಯಾರ್ಥಿಗಳ ಪ್ರಬಂಧಗಳು ಮೂರನೇ ಮಹಡಿಯಲ್ಲಿ, ಕಬ್ಬಿಣದ ಜಾಲರಿಯ ಬಾಗಿಲಿನ ಹಿಂದೆ ಇದ್ದವು. ಒಂದನ್ನು ನೋಡಬೇಕೆಂದರೆ ಮಾರ್ಗದರ್ಶಕರ ಪತ್ರ ಬೇಕು, ಮುದ್ರೆ ಬೇಕು, ಅಲ್ಲೇ ಕೂತು ಓದಬೇಕು, ಪೆನ್ಸಿಲಿನಲ್ಲಿ ಮಾತ್ರ ಬರೆದುಕೊಳ್ಳಬೇಕು. ಬರೆದವರು, ಅವರ ಮಾರ್ಗದರ್ಶಕರು, ಪರೀಕ್ಷಕರು, ಹೀಗೆ ಮೂರು ಜನ ಓದಿದ ಪುಸ್ತಕಗಳು ನಾಲ್ಕನೆಯವರಿಗಾಗಿ ನಲವತ್ತು ವರ್ಷ ಕಾದು ಕೂತಿದ್ದವು. ಈಗ ಎಲ್ಲವನ್ನೂ ಅಂತರ್ಜಾಲದಲ್ಲಿ ತೆರೆದಿಡಬೇಕು ಎಂದು ತೀರ್ಮಾನವಾಗಿತ್ತು. ಯಾರು ಬೇಕಾದರೂ, ಎಲ್ಲಿಂದ ಬೇಕಾದರೂ, ಯಾರನ್ನೂ ಕೇಳದೆ ಓದಬಹುದು. ಬರೆದವರ ಒಪ್ಪಿಗೆ ಮಾತ್ರ ಬೇಕು. ಒಪ್ಪಿಗೆಯ ಹಾಳೆಯಲ್ಲಿ ಮೂರು ಚೌಕ: ಈಗಲೇ ತೆರೆಯಬಹುದು, ಎರಡು ವರ್ಷದ ನಂತರ ತೆರೆಯಬಹುದು, ತೆರೆಯುವುದು ಬೇಡ.

ಯಂತ್ರದ ಕೋಣೆಯ ಗೋಡೆಗೆ ಗ್ರಂಥಪಾಲಕರು ತಮ್ಮ ಕೈಬರಹದಲ್ಲೇ ಒಂದು ನಿಯಮ ಅಂಟಿಸಿದ್ದರು: ಇದ್ದದ್ದು ಇದ್ದ ಹಾಗೆ. ಕಾಗುಣಿತ ತಪ್ಪಿದ್ದರೂ ಸರಿ, ಚಹಾದ ಕಲೆ ಇದ್ದರೂ ಸರಿ, ತಲೆಕೆಳಗಾಗಿ ಅಂಟಿಸಿದ ನಕ್ಷೆ ಇದ್ದರೂ ಸರಿ. ನಮ್ಮ ಕೈ ಆಡಬಾರದು.

ಪುಟ ಸರಿಯಾಗಿ ಬಂದಿದೆಯೇ ಎಂದು ನೋಡುವ ನೆಪದಲ್ಲಿ ಪುಟದಕ್ಕ ಓದುತ್ತಿದ್ದಳು. ಅವಳಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಮೊದಲಿನ ಕೃತಜ್ಞತೆಯ ಪುಟ. ಗಂಡಸರು ಅಲ್ಲಿ 'ತಾಳ್ಮೆಯಿಂದ ಸಹಕರಿಸಿದ ಪತ್ನಿಗೆ' ಎಂದು ಬರೆಯುತ್ತಿದ್ದರು. ಆ ತಾಳ್ಮೆಯೊಳಗೆ ಎಷ್ಟು ಬಟ್ಟೆ, ಎಷ್ಟು ಪಾತ್ರೆ ಎಂಬುದನ್ನು ಅವಳಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಹೆಂಗಸರು 'ಓದಲು ಅನುಮತಿ ಕೊಟ್ಟ ಅತ್ತೆ ಮಾವನವರಿಗೆ' ಎಂದು ಬರೆಯುತ್ತಿದ್ದರು. ಯಾವುದೋ ಕಾಲದ ಒಬ್ಬಳು ಮಾತ್ರ, 'ನನ್ನ ಮಗುವನ್ನು ಎತ್ತಿಕೊಂಡಿದ್ದ ಎದುರುಮನೆಯ ಹುಡುಗಿಗೆ, ಅವಳೂ ಓದಬೇಕಿತ್ತು' ಎಂದು ಬರೆದಿದ್ದಳು. ಆ ದಿನ ಪುಟದಕ್ಕ ಊಟದ ಡಬ್ಬಿಯ ಮುಚ್ಚಳ ಕೈಯಲ್ಲಿ ಹಿಡಿದುಕೊಂಡೇ ಬಹಳ ಹೊತ್ತು ಕೂತಿದ್ದಳು.

ಒಂದು ಬುಧವಾರ ನೀಲಿ ರಟ್ಟಿನ ಪ್ರಬಂಧವೊಂದು ಸರದಿ ತಪ್ಪಿ ಮೊದಲಿಗೆ ಬಂತು. ನಗರದ ಮಹಿಳಾ ಕಲ್ಯಾಣ ಕಚೇರಿಯವರು ಅದನ್ನೇ ಕೇಳಿದ್ದಾರೆ, ಶುಕ್ರವಾರದೊಳಗೆ ತೆರೆದಿಡಬೇಕು ಎಂದು ಚೀಟಿ ಇತ್ತು. ಲೇಖಕಿ ಮೊದಲ ಚೌಕಕ್ಕೆ ಗುರುತು ಹಾಕಿ ಒಪ್ಪಿಗೆ ಕಳಿಸಿದ್ದರು. ಇಪ್ಪತ್ತನಾಲ್ಕು ವರ್ಷದ ಹಿಂದಿನ ಗೃಹವಿಜ್ಞಾನದ ಪ್ರಬಂಧ. ಕಾರ್ಖಾನೆ ಕಾರ್ಮಿಕರ ಸಾಲುಮನೆಗಳಲ್ಲಿ ಗೃಹಿಣಿಯರ ಸಮಯದ ಬಳಕೆ: ಇಪ್ಪತ್ತು ಮನೆಗಳ ಅಧ್ಯಯನ.

ಪುಟದಕ್ಕ ಇರುವುದು ಕಾರ್ಖಾನೆಯ ಸಾಲುಮನೆಯಲ್ಲೇ. ಇರಲಿ, ಊರಲ್ಲಿ ಅಂಥ ಸಾಲುಮನೆಗಳು ಹತ್ತಾರಿವೆ ಎಂದುಕೊಂಡು ಪೆಡಲ್ ಒತ್ತುತ್ತಾ ಹೋದಳು. ಅರವತ್ತೊಂದನೇ ಪುಟಕ್ಕೆ ಕಾಲು ನಿಂತಿತು.

ಅಲ್ಲಿ ಒಂದು ಅಡುಗೆಮನೆಯ ನಕ್ಷೆ ಇತ್ತು. ಎಂಟಡಿಗೆ ಆರಡಿ. ಮೂಲೆಯಲ್ಲಿ ಒಲೆ, ಪಕ್ಕದಲ್ಲಿ ನೀರಿನ ಹಂಡೆ, ಅದರ ಮೇಲೆ ದುಂಡನೆಯ ಕಿಟಕಿ. ಕೆಳಗೆ ಪುಟ್ಟ ಅಕ್ಷರದಲ್ಲಿ, 'ಕಿಟಕಿಗೆ ಸರಳಿನ ಬದಲು ಸೈಕಲ್ ಚಕ್ರ ಕೂರಿಸಲಾಗಿದೆ.' ಈ ಲೋಕದಲ್ಲಿ ಕಿಟಕಿಗೆ ಸೈಕಲ್ ಚಕ್ರ ಕೂರಿಸಿದ ಫಿಟ್ಟರ್ ಒಬ್ಬನೇ. ಅವನು ಅವಳ ಗಂಡ.

ಮನೆ ಸಂಖ್ಯೆ ಹದಿನೇಳು. ಆರು ಜನ. ಸೊಸೆ, ವಯಸ್ಸು ಇಪ್ಪತ್ತು. ಅಡುಗೆ ಎರಡು ಗಂಟೆ ಇಪ್ಪತ್ತು ನಿಮಿಷ, ಪಾತ್ರೆ ಮೂವತ್ತೈದು ನಿಮಿಷ, ಬಟ್ಟೆ ಐವತ್ತು, ನೀರು ಇಪ್ಪತ್ತು, ಗುಡಿಸಿ ಒರೆಸುವುದು ಇಪ್ಪತ್ತೈದು, ಶಿಶುಪಾಲನೆ ನಲವತ್ತು, ಇತರೆ ಒಂದು ಗಂಟೆ. ಒಟ್ಟು ಆರು ಗಂಟೆ ಹತ್ತು ನಿಮಿಷ. ಕೊನೆಗೊಂದು ಸಾಲು: 'ಅಚ್ಚುಕಟ್ಟಾದ ಯೋಜನೆಯಿಂದ ಗೃಹಕೃತ್ಯದ ಹೊರೆ ಹಗುರವಾಗಬಲ್ಲದು ಎಂಬುದಕ್ಕೆ ಈ ಮನೆ ನಿದರ್ಶನ.'

ಪುಟದಕ್ಕ ರಬ್ಬರಿನ ಟೋಪಿ ತೆಗೆದಿಟ್ಟು ಆ ಸಾಲನ್ನು ಬರಿಬೆರಳಲ್ಲಿ ಮುಟ್ಟಿ ನೋಡಿದಳು.

ಗಡಿಯಾರದ ಹುಡುಗಿ ಎಂದು ಆಗ ಸಾಲುಮನೆಯವರು ಇದನ್ನು ಬರೆದವಳಿಗೆ ಹೆಸರಿಟ್ಟಿದ್ದರು. ಎರಡು ಜಡೆ, ಕೈಯಲ್ಲಿ ಒತ್ತಿದರೆ ನಿಲ್ಲುವ ಗಡಿಯಾರ, ತೊಡೆಯ ಮೇಲೆ ಗೆರೆ ಎಳೆದ ಪುಸ್ತಕ. ಮನೆಗೆ ಮೂರು ದಿನದಂತೆ ಬಂದು, ಬೆಳಿಗ್ಗೆ ಏಳಕ್ಕೆ ಅಡುಗೆಮನೆಯ ಬಾಗಿಲಲ್ಲಿ ಮಣೆ ಹಾಕಿಕೊಂಡು ಕೂತರೆ ಸಂಜೆ ಏಳಕ್ಕೆ ಏಳುತ್ತಿದ್ದಳು. ಯಾವ ಮನೆಗೆ ಯಾವತ್ತು ಹೋಗುತ್ತಾಳೆ ಎಂಬುದು ಎಂಟು ದಿನ ಮೊದಲೇ ಗೊತ್ತಿರುತ್ತಿತ್ತು. ಅವಳೇ ಬಂದು ಹೇಳಿ, ಒಪ್ಪಿಗೆ ಕೇಳಿ ಹೋಗುತ್ತಿದ್ದಳು. ಅಷ್ಟು ಸಭ್ಯ ಹುಡುಗಿ.

ಎಂಟು ದಿನ ಮೊದಲೇ ಗೊತ್ತಾದ ಮೇಲೆ ಯಾವ ಮನೆ ಇದ್ದ ಹಾಗೆ ಇರುತ್ತದೆ? "ಓದಿದ ಹುಡುಗಿ, ಪುಸ್ತಕದಲ್ಲಿ ಬರ್ಕೊಂಡು ಹೋಗ್ತಾಳೆ. ನಮ್ಮನೆ ಸಿಂಕಲ್ಲಿ ಮುಸುರೆ ಕಂಡರೆ ಮರ್ಯಾದೆ ಏನಾಗಬೇಕು?" ಎಂದು ಅತ್ತೆ ಹೇಳಿದ್ದಳು. ಮಾಮೂಲಿ ದಿನ ಐದಕ್ಕೆ ಏಳುತ್ತಿದ್ದ ಸೊಸೆ ಆ ಮೂರು ದಿನ ಮೂರೂವರೆಗೆ ಎದ್ದಳು. ಅತ್ತೆಯೂ ಎದ್ದಳು. ಇಬ್ಬರೂ ಸೇರಿ ಹಂಡೆ ತುಂಬಿಸಿದರು, ದೊಡ್ಡ ಪಾತ್ರೆಗಳನ್ನೆಲ್ಲ ಬೆಳಗಿಟ್ಟರು, ಸೊಪ್ಪು ಸೋಸಿದರು, ಹೊದಿಕೆಗಳನ್ನು ಒಗೆದು ಹಿತ್ತಿಲಲ್ಲಿ ಹರವಿದರು, ನೆಲ ಒರೆಸಿ ಒಣಗಿಸಿದರು. ಅಳುಬುರುಕಿ ಆರು ತಿಂಗಳ ಕೂಸನ್ನು ಪಕ್ಕದ ಮನೆಗೆ ಸಾಗಿಸಿ, ಹಾಲು ಕುಡಿಸಲಷ್ಟೇ ತರಿಸಿಕೊಂಡರು. ಏಳು ಗಂಟೆಗೆ ಹುಡುಗಿ ಬಂದು ನೋಡಿದರೆ, ಮನೆ ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ಸಲೀಸಾಗಿ ನಡೆಯುತ್ತಿತ್ತು. ಸಂಜೆ ಏಳಕ್ಕೆ ಹುಡುಗಿ ಹೊರಟ ಮೇಲೆ ಮಂಚದ ಕೆಳಗಿನಿಂದ ಎಂಜಲು ತಟ್ಟೆಗಳು, ಒದ್ದೆ ಬಟ್ಟೆಗಳು, ಪಕ್ಕದ ಮನೆಯಿಂದ ಕೂಸು, ಎಲ್ಲ ಒಂದೊಂದಾಗಿ ಹೊರಗೆ ಬರುತ್ತಿದ್ದವು.

ಹುಡುಗಿ ಸುಳ್ಳು ಬರೆದಿರಲಿಲ್ಲ. ತಾನು ಕಂಡದ್ದನ್ನು ನಿಮಿಷ ಬಿಡದೆ ಬರೆದಿದ್ದಳು.

ಪುಟದಕ್ಕ ಕೊನೆಯ ಅಧ್ಯಾಯಕ್ಕೆ ಹೋದಳು. ಇಪ್ಪತ್ತು ಮನೆಗಳ ಗೃಹಿಣಿಯರಿಗೆ ದಿನಕ್ಕೆ ಸರಾಸರಿ ಮೂರು ಗಂಟೆ ಬಿಡುವು ಇದೆ, ಅದು ವ್ಯರ್ಥವಾಗದಂತೆ ಹೊಲಿಗೆ ತರಬೇತಿ ಏರ್ಪಡಿಸುವುದು ಸೂಕ್ತ ಎಂದು ಶಿಫಾರಸು ಇತ್ತು.

ಅವಳಿಗೆ ನಗು ಬಂತು, ಬಂದದ್ದು ಅರ್ಧಕ್ಕೇ ನಿಂತಿತು. ಆ ಮಾರನೆಯ ವರ್ಷ ಸಾಲುಮನೆಗೆ ಎಲ್ಲಿಂದಲೋ ಹೊಲಿಗೆ ತರಗತಿ ಬಂದಿತ್ತು. ಮಧ್ಯಾಹ್ನ ಮೂರರಿಂದ ನಾಲ್ಕೂವರೆ. ಬಾರದವರ ಮನೆಗೆ ಬಂದು ಕರೆದುಕೊಂಡು ಹೋಗುತ್ತಿದ್ದರು. ಎರಡು ವರ್ಷ ಅವಳು ನಿದ್ದೆಗಣ್ಣಲ್ಲಿ ಲಂಗಗಳ ಅಂಚು ಮಡಿಸಿ ಹೊಲಿದಿದ್ದಳು. ಇದು ಯಾವ ಜನ್ಮದ ಪಾಪವೋ ಎಂದು ಆಗ ಅನಿಸುತ್ತಿತ್ತು. ಪಾಪದ ಪುಟಸಂಖ್ಯೆ ಈಗ ಸಿಕ್ಕಿತ್ತು: ನೂರಾ ನಾಲ್ಕು.

ನೀಲಿ ರಟ್ಟನ್ನು ಎದೆಗೆ ಅವಚಿಕೊಂಡು ಅವಳು ಗ್ರಂಥಪಾಲಕರ ಕೋಣೆಗೆ ಹೋದಳು. ನಿವೃತ್ತಿಗೆ ಹತ್ತಿರವಾದ, ಸದಾ ಕನ್ನಡಕ ಹುಡುಕುವ ಮನುಷ್ಯ ಅವರು.

"ಸಾರ್, ಕಲ್ಯಾಣ ಕಚೇರಿಯವರಿಗೆ ಇದು ಯಾಕೆ ಬೇಕಂತೆ?"

"ಊರಾಚೆ ಹೊಸ ಸಾಲುಮನೆ ಕಟ್ಟಿದಾರಲ್ಲ, ಅಲ್ಲಿನ ಹೆಂಗಸರಿಗೆ ಏನೋ ಯೋಜನೆ. ಎಷ್ಟು ಬಿಡುವಿರುತ್ತೆ ಅಂತ ಲೆಕ್ಕ ಬೇಕಂತೆ. ಶಿಶುವಿಹಾರ ಕೊಡಬೇಕೋ ತರಬೇತಿ ಕೊಡಬೇಕೋ ಅಂತ ಚರ್ಚೆ."

"ಇದರಲ್ಲಿರೋ ಲೆಕ್ಕ ತಪ್ಪು ಸಾರ್."

"ನಿಮಗೆ ಹೇಗೆ ಗೊತ್ತು?"

"ಹದಿನೇಳನೇ ಮನೆ ನಂದೇ."

ಗ್ರಂಥಪಾಲಕರು ಹಣೆಯ ಮೇಲಿದ್ದ ಕನ್ನಡಕವನ್ನು ಮೂಗಿಗೆ ಇಳಿಸಿಕೊಂಡು ಪುಟ ನೋಡಿದರು, ಅವಳನ್ನು ನೋಡಿದರು. ಅವಳು ಮೂರೂವರೆಯ ಕತೆ ಹೇಳಿದಳು. ಅವರು ನಗಲಿಲ್ಲ.

"ಪುಟದಕ್ಕ, ನಾವು ಒಂದು ಚುಕ್ಕೆ ಮುಟ್ಟೋ ಹಾಗಿಲ್ಲ. ಅದು ನಿಮಗೂ ಗೊತ್ತು. ತಿದ್ದುಪಡಿ ಟಿಪ್ಪಣಿ ಸೇರಿಸಬೇಕು ಅಂದ್ರೂ ಲೇಖಕಿಯೇ ಬರೆದು ಕೊಡಬೇಕು. ತೆರೆಯೋದು ಬೇಡ ಅಂತಲೂ ಅವರೇ ಹೇಳಬಹುದು. ಒಂದು ಸಲ ತೆರೆದು ಶಾಶ್ವತ ಸಂಖ್ಯೆ ಬಿತ್ತೋ, ಆಮೇಲೆ ಹಿಂದಕ್ಕೆ ಇಲ್ಲ."

"ನಾನು ಹೇಳಿದ್ರೆ ತಡೆಯಲ್ವಾ?"

"ಲೇಖಕಿ ಒಂದು ಸಾಲು ಬರೆದ್ರೆ ಸೋಮವಾರದ ತನಕ ತಡೀತೀನಿ. ನಿಮ್ಮ ಮಾತಿಗೆ ತಡೆಯೋಕೆ ನಿಯಮದಲ್ಲಿ ಜಾಗ ಇಲ್ಲವಲ್ಲ. ನೀವು ಅದರೊಳಗೆ ಇರೋರು, ಬರೆದೋರಲ್ಲ."

ಆ ಸಂಜೆ ಅವಳು ಮನೆಯಲ್ಲಿ ಸುದ್ದಿ ಹೇಳಿದಾಗ ಮೊದಲ ಪಾಳಿ ಮುಗಿಸಿ ಬಂದು ಕಾಲು ಚಾಚಿ ಕೂತಿದ್ದ ಗಂಡ ಗೆದ್ದವನಂತೆ ನಕ್ಕ.

"ನೋಡ್ದಾ? ಯೂನಿವರ್ಸಿಟಿಯೇ ಬರೆದಿದೆ. ನಿಂದು ಆರು ಗಂಟೆ, ನಂದು ಎಂಟು ಗಂಟೆ. ಇಷ್ಟು ವರ್ಷ ಸುಮ್ನೆ ನನ್ನ ಬಾಯಿ ಮುಚ್ಚಿಸಿದ್ದೆ."

"ನಿಮ್ಮ ಎಂಟು ಗಂಟೆ ಮುಗಿದ ಮೇಲೆ ಸೈರನ್ ಕೂಗುತ್ತೆ. ನನಗೆ ಯಾರು ಕೂಗ್ತಾರೆ?"

"ನಾನೇ ಕೂಗ್ತೀನಲ್ಲ, ಚಹಾ ಅಂತ."

ಎಪ್ಪತ್ತಾರು ದಾಟಿದ ಅತ್ತೆ ಗೋಡೆಗೆ ಒರಗಿ ಬೇಳೆಯಲ್ಲಿ ಕಲ್ಲು ಆರಿಸುತ್ತಿದ್ದಳು. "ನನ್ನ ವಿಷಯ ಏನು ಬರೆದಿದಾಳೆ ಆ ಹುಡುಗಿ?" ಎಂದು ಕೇಳಿದಳು.

ಪುಟದಕ್ಕ ಹೇಳಿದಳು: "ಅತ್ತೆ, ವಯಸ್ಸು ಐವತ್ತೆರಡು. ವಿಶ್ರಾಂತಿ ನಾಲ್ಕು ಗಂಟೆ."

ಅತ್ತೆಯ ಕೈ ಮೊರದಲ್ಲಿ ನಿಂತಿತು. "ಯಾವಾಗ ತಗೊಂಡೆ ವಿಶ್ರಾಂತಿ?"

"ನೀವು ಕೂತಿದ್ರಿ ಅಂತ. ಕೂತಿದ್ರೆ ವಿಶ್ರಾಂತಿ ಅಂತ ಕೋಷ್ಟಕದ ಕೆಳಗೆ ವಿವರಣೆ ಇದೆ."

"ಕೂತ್ಕೊಂಡು ಬೆಳ್ಳುಳ್ಳಿ ಬಿಡಿಸ್ತಿದ್ದೆ ಕಣೇ. ಕೂತ್ಕೊಂಡು ನಿನ್ನ ಮೈದುನನ ಚಡ್ಡಿಗೆ ತೇಪೆ ಹಾಕ್ತಿದ್ದೆ. ನಿಂತ್ಕೊಂಡು ಹಾಕಬೇಕಿತ್ತಾ?" ಅತ್ತೆ ಮೊರವನ್ನು ಪಕ್ಕಕ್ಕೆ ಸರಿಸಿದಳು. ಸೊಸೆಯ ಆರು ಗಂಟೆ ಅವಳಿಗೆ ಅಷ್ಟಾಗಿ ತಟ್ಟಿರಲಿಲ್ಲ. ತನ್ನ ವಿಶ್ರಾಂತಿ ಚೆನ್ನಾಗಿ ತಟ್ಟಿತು. "ನಡಿ, ಕುಕ್ಕರ್ ಅತ್ತಿಗೇನ ಕೇಳೋಣ. ಅವಳ ಮನೇಲಿ ಏನು ಬರೆದಿದಾಳೋ."

ಕುಕ್ಕರ್ ಅತ್ತಿಗೆ ಎರಡು ಮನೆ ಆಚೆ ಇದ್ದವಳು. ಸಾಲುಮನೆಗೆ ಮೊಟ್ಟಮೊದಲ ಪ್ರೆಶರ್ ಕುಕ್ಕರ್ ಬಂದದ್ದು ಅವಳ ಅಣ್ಣ ಕೊಟ್ಟದ್ದರಿಂದ. ಆ ಹೆಸರು ಅವಳಿಗೆ ಅಂಟಿ, ಕುಕ್ಕರ್ ಸವೆದು ಮೂಲೆ ಸೇರಿದ ಮೇಲೂ ಉಳಿದಿತ್ತು.

"ಹದಿಮೂರು ಮನೇಲಿ ಕುಕ್ಕರ್ ಇತ್ತು ಅಂತ ಬರೆದಿದೆ ಅತ್ತಿಗೆ," ಎಂದಳು ಪುಟದಕ್ಕ.

ಕುಕ್ಕರ್ ಅತ್ತಿಗೆ ಸೆರಗು ಬಾಯಿಗೆ ಒತ್ತಿಕೊಂಡು ಅಲುಗಾಡಿ ನಕ್ಕಳು. "ಹದಿಮೂರು ಮನೇಲೂ ನಂದೇ ಕಣೇ. ಆ ಹುಡುಗಿ ಯಾವ ಮನೆಗೆ ಹೋಗ್ತಾಳೋ ಅವರು ಹಿಂದಿನ ದಿನ ಬಂದು, ಅತ್ತಿಗೆ ಮೂರು ದಿನಕ್ಕೆ ಕೊಡಿ ಅನ್ನೋರು. ಎರಡು ತಿಂಗಳು ಮನೆಗೇ ಬರಲಿಲ್ಲ ಅದು. ಗಂಡನ ಮನೆಗೆ ಹೋದ ಮಗಳ ಹಾಗೆ, ವಾಪಸ್ ಬಂದಾಗ ಗುರುತೇ ಸಿಗಲಿಲ್ಲ. ಗ್ಯಾಸ್ಕೆಟ್ಟು ಸವೆದು ದಾರದ ಹಾಗಾಗಿತ್ತು."

"ನೀವೂ ಅವಳು ಬರೋ ಮೊದಲೇ ಕೆಲಸ ಮುಗಿಸಿದ್ರಾ?"

"ಮುಗಿಸದೆ? ನಾನು ನಾಲ್ಕಕ್ಕೆ. ಆ ಕೊನೆ ಮನೆಯವಳು ಮಲಗಲೇ ಇಲ್ಲ ಅಂತಿದ್ದಳು. ಯಾರ ಮುಂದೆ ಯಾರು ಕಮ್ಮಿ?"

ಅತ್ತೆಯೂ ಸೊಸೆಯೂ ಆ ಸಂಜೆ ಸಾಲುಮನೆಯಲ್ಲಿ ಆಗಿನವರೇ ಇನ್ನೂ ಉಳಿದಿದ್ದ ಒಂಬತ್ತು ಮನೆಗಳಿಗೆ ಹೋದರು. ಒಂಬತ್ತು ಮನೆಯಲ್ಲೂ ಅದೇ ಕತೆ. ಹಾಗಾದರೆ ನೀಲಿ ರಟ್ಟಿನೊಳಗೆ ಇದ್ದದ್ದು ಸಾಲುಮನೆಯ ದಿನವಲ್ಲ. ಅತಿಥಿ ಬರುವ ದಿನ. ಇಪ್ಪತ್ತು ಮನೆಯವರು, ಯಾರೂ ಹೇಳಿಕೊಡದೆ, ಒಂದೇ ತಪ್ಪು ಮಾಡಿದ್ದರು. ಅದರ ಫಲ ಇನ್ನೆಲ್ಲೋ, ಇನ್ನೂ ಬಣ್ಣ ಆರದ ಗೋಡೆಗಳ ನಡುವೆ, ಕೂಸು ಕಂಕುಳಲ್ಲಿಟ್ಟುಕೊಂಡು ನಿಂತ ಯಾರಿಗೋ ತಟ್ಟಲಿತ್ತು. ಅವರಿಗೆ ಮೂರು ಗಂಟೆ ಬಿಡುವಿದೆ ಎಂದು ಪುಟದಕ್ಕನ ಮನೆಯೇ ಸಾಕ್ಷಿ ಹೇಳಲಿತ್ತು.

ಗುರುವಾರ ಮಧ್ಯಾಹ್ನ ಊಟದ ಹೊತ್ತಿನಲ್ಲಿ ಅವಳು ಒಪ್ಪಿಗೆಯ ಹಾಳೆಯಲ್ಲಿದ್ದ ನಂಬರಿಗೆ ಫೋನ್ ಮಾಡಿದಳು. ಗಡಿಯಾರದ ಹುಡುಗಿ ಈಗ ಬೇರೊಂದು ಊರಿನ ಮಹಿಳಾ ಕಾಲೇಜಿನಲ್ಲಿ ವಿಭಾಗದ ಮುಖ್ಯಸ್ಥೆ.

"ನಾನು ಗ್ರಂಥಾಲಯದಿಂದ ಮೇಡಂ. ನಿಮ್ಮ ಪ್ರಬಂಧ ಸ್ಕ್ಯಾನ್ ಮಾಡ್ತಿರೋಳು. ನಾನು ಹದಿನೇಳನೇ ಮನೆ."

"ಸೈಕಲ್ ಚಕ್ರದ ಕಿಟಕಿ?"

"ಅದೇ. ಇನ್ನೂ ಇದೆ."

"ನನಗೆ ನೀವು ಚೆನ್ನಾಗಿ ನೆನಪಿದೀರಿ. ಪ್ರತಿ ವರ್ಷ ತರಗತಿಯಲ್ಲಿ ನಿಮ್ಮ ಅಡುಗೆಮನೆಯ ಬಗ್ಗೆ ಹೇಳ್ತೀನಿ. ಅಷ್ಟು ಅಚ್ಚುಕಟ್ಟು ಬೇರೆ ಎಲ್ಲೂ ನೋಡಿಲ್ಲ ಅಂತ."

ಇದನ್ನು ಕೇಳಿದ ಮೇಲೆ ಮುಂದಿನ ಮಾತು ಹೇಳುವುದು ಪುಟದಕ್ಕನಿಗೆ ಕಷ್ಟವಾಯಿತು. ಆದರೂ ಹೇಳಿದಳು. ಮೂರೂವರೆ, ಮಂಚದ ಕೆಳಗಿನ ತಟ್ಟೆ, ಪಕ್ಕದ ಮನೆಗೆ ಹೋದ ಕೂಸು, ಊರು ಸುತ್ತಿದ ಕುಕ್ಕರ್. ಬೆಳಿಗ್ಗೆ ಏಳಕ್ಕೆ ಮೊದಲಿನ ಮೂರೂವರೆ ಗಂಟೆಯ ಕೆಲಸ, ಸಂಜೆ ಏಳರ ಮೇಲಿನ ಎರಡೂಕಾಲು, ಎರಡನ್ನೂ ಪುಸ್ತಕದ ಆರು ಗಂಟೆ ಹತ್ತು ನಿಮಿಷಕ್ಕೆ ಸೇರಿಸಿದರೆ ಹನ್ನೆರಡು ಗಂಟೆಗೆ ಐದು ನಿಮಿಷ ಕಡಿಮೆ ಎಂದೂ ಹೇಳಿದಳು.

ಮೇಡಂ ದನಿ ಬದಲಾಯಿತು. "ಆ ಪ್ರಬಂಧಕ್ಕೆ ನನಗೆ ಚಿನ್ನದ ಪದಕ ಬಂತು. ಅದರ ಮೇಲೇ ಕೆಲಸ ಸಿಕ್ಕಿದ್ದು. ಇಪ್ಪತ್ತನಾಲ್ಕು ವರ್ಷ ಆದ್ಮೇಲೆ ನೀವೆಲ್ಲ ನಾಟಕ ಆಡಿದ್ವಿ ಅಂತೀರಲ್ಲ."

"ನಾಟಕ ಅಲ್ಲ ಮೇಡಂ. ಮನೆಗೆ ಬಂದೋರ ಮುಂದೆ ಮನೆ ಚೆನ್ನಾಗಿರಲಿ ಅಂತ."

"ನಾನು ಮೂರನೇ ಚೌಕಕ್ಕೆ ಗುರುತು ಹಾಕಿದ್ರೆ ಮುಗೀತಲ್ಲ. ತೆರೆಯೋದೇ ಬೇಡ. ಯಾರಿಗೂ ತೊಂದರೆ ಇಲ್ಲ."

ಪುಟದಕ್ಕ ಮುಂದಿದ್ದ ಯಂತ್ರವನ್ನು ನೋಡಿದಳು. ಒಂದು ರೀತಿಯಲ್ಲಿ ಅದೇ ಸುಲಭ. ಕಲ್ಯಾಣ ಕಚೇರಿಯವರಿಗೆ ಲೆಕ್ಕ ಸಿಗುವುದಿಲ್ಲ, ಮೇಡಂ ಮರ್ಯಾದೆ ಉಳಿಯುತ್ತದೆ, ನೀಲಿ ರಟ್ಟು ಜಾಲರಿಯ ಹಿಂದೆ ಹೋಗುತ್ತದೆ.

"ಬೇಡ ಮೇಡಂ," ಎಂದಳು. "ಸಾವಿರಾರು ಪ್ರಬಂಧ ತಿರುಗಿಸಿದೀನಿ. ಸೇತುವೆ ಮೇಲೆ ಇದೆ, ಹುಳದ ಮೇಲೆ ಇದೆ, ರಾಜರ ಮೇಲೆ ಇದೆ. ನಮ್ಮ ಅಡುಗೆಮನೇಲಿ ಬಂದು ಕೂತೋರು ನೀವೊಬ್ಬರೇ. ಅದನ್ನ ಮುಚ್ಚಬೇಡಿ. ತಪ್ಪಿರೋ ಹಾಗೆ ಬಿಡಲೂ ಬೇಡಿ."

ಫೋನ್ ಇಟ್ಟ ಸದ್ದು ಕೇಳಿಸಿತು. ಸಂಜೆಯ ಹೊತ್ತಿಗೆ ಗ್ರಂಥಪಾಲಕರಿಗೆ ಒಂದೇ ಸಾಲಿನ ಪತ್ರ ಬಂತು: ಸೋಮವಾರದವರೆಗೆ ತಡೆಯಿರಿ. ಯಾಕೆ, ಮುಂದೇನು ಎಂದು ಇರಲಿಲ್ಲ. ಶುಕ್ರವಾರ, ಶನಿವಾರ ಎರಡೂ ದಿನ ಪುಟದಕ್ಕ ಬೇರೆ ಪ್ರಬಂಧಗಳ ಪುಟ ತಿರುಗಿಸಿದಳು. ಒಂದು ಪ್ರಬಂಧದಲ್ಲಿ ಎರಡೆರಡು ಪುಟ ಒಟ್ಟಿಗೆ ತಿರುಗಿಸಿಬಿಟ್ಟು ಮತ್ತೆ ಮೊದಲಿಂದ ಮಾಡಬೇಕಾಯಿತು.

ಭಾನುವಾರ ಬೆಳಿಗ್ಗೆ ಐದೂಕಾಲಕ್ಕೆ ಬಾಗಿಲು ಬಡಿದ ಸದ್ದಾಯಿತು. ಹಿಟ್ಟು ಮೆತ್ತಿದ ಕೈಯಲ್ಲೇ ಚಿಲಕ ತೆಗೆದರೆ, ಮೊದಲ ಬಸ್ಸಿಗೆ ಬಂದ ಮೇಡಂ. ಜಡೆ ಒಂದೇ ಆಗಿತ್ತು, ಅದೂ ಅರ್ಧ ಬೆಳ್ಳಗೆ. ಕೈಯಲ್ಲಿ ಗೆರೆ ಎಳೆದ ಪುಸ್ತಕ.

"ಈ ಸಲ ಹೇಳಿ ಬಂದಿಲ್ಲ," ಎಂದರು. "ಒಳಗೆ ಬರಲಾ?"

ಪುಟದಕ್ಕನ ಕಣ್ಣು ತಾನಾಗಿ ಹಿಂದಕ್ಕೆ ಹೊರಳಿತು. ಸಿಂಕಿನಲ್ಲಿ ನಿನ್ನೆಯ ಪಾತ್ರೆ, ಹಗ್ಗದ ಮೇಲೆ ಒಳಬಟ್ಟೆ, ನೆಲದ ಮೇಲೆ ಈರುಳ್ಳಿ ಸಿಪ್ಪೆ. ಕಾಲಿನಿಂದ ಸಿಪ್ಪೆಯನ್ನು ಮೂಲೆಗೆ ತಳ್ಳಲು ಹೋಗಿ, ತಡೆದು, ಅಲ್ಲೇ ಬಿಟ್ಟಳು.

"ಬನ್ನಿ," ಎಂದಳು. "ಹೀಗೇ ಇದೆ."

ಮೇಡಂ ಮಣೆ ಎಳೆದುಕೊಂಡು ಅಡುಗೆಮನೆಯ ಬಾಗಿಲಲ್ಲಿ, ಅದೇ ಜಾಗದಲ್ಲಿ ಕೂತರು. ಮಂಡಿ ಈಗ ಅಷ್ಟು ಸುಲಭವಾಗಿ ಮಡಿಯಲಿಲ್ಲ. ಸ್ವಲ್ಪ ಹೊತ್ತು ಸೈಕಲ್ ಚಕ್ರದ ಕಿಟಕಿಯನ್ನೇ ನೋಡಿದರು.

"ಕುಕ್ಕರಿನ ಹಿಡಿಗೆ ಕೆಂಪು ದಾರ ಸುತ್ತಿತ್ತು, ಅಲ್ವಾ?"

"ಹೌದು. ಸ್ಕ್ರೂ ಬಿದ್ದುಹೋಗಿತ್ತು."

"ಹದಿಮೂರು ಮನೇಲೂ ಕೆಂಪು ದಾರ ನೋಡಿದೆ. ಈ ಸಾಲಿನ ಗೃಹಿಣಿಯರು ಕೈ ಸುಡದಿರಲಿ ಅಂತ ಕುಕ್ಕರಿಗೆ ಕೆಂಪು ದಾರ ಸುತ್ತುವ ಪದ್ಧತಿ ಇಟ್ಟುಕೊಂಡಿದಾರೆ ಅಂತ ಅಡಿಟಿಪ್ಪಣಿ ಬರೆದೆ." ಮೇಡಂ ನಗಲು ಹೋದರು, ಆಗಲಿಲ್ಲ. "ಮೂರು ದಿನದಿಂದ ನಿದ್ದೆ ಇಲ್ಲ ನನಗೆ. ನೀವು ಸುಳ್ಳು ಹೇಳಿದ್ರಿ ಅಂತ ಕೋಪ ಬಂದಿತ್ತು. ಆಮೇಲೆ ಹಳೇ ಪುಸ್ತಕ ತೆಗೆದು ನೋಡ್ದೆ. ದಿನ ಏಳಕ್ಕೆ ಶುರು, ಏಳಕ್ಕೆ ಮುಕ್ತಾಯ. ಯಾಕೆ ಏಳು ಅಂತ ಪರೀಕ್ಷಕರು ಕೇಳಲಿಲ್ಲ, ನನಗೂ ಹೊಳೆಯಲಿಲ್ಲ. ನಮ್ಮ ಹಾಸ್ಟೆಲ್ ಗೇಟು ಬೆಳಿಗ್ಗೆ ಆರೂವರೆಗೆ ತೆಗೀತಿದ್ರು, ಸಂಜೆ ಏಳೂವರೆಗೆ ಮುಚ್ತಿದ್ರು. ಗೃಹಿಣಿಯ ದಿನ ಅಂತ ನಾನು ಬರೆದದ್ದು ವಾರ್ಡನ್ ಬೀಗದ ಕೈಯ ದಿನ."

ಪುಟದಕ್ಕ ಹಿಟ್ಟು ನಾದುತ್ತಲೇ ಅವರ ಕಡೆ ನೋಡಿದಳು. ಎರಡು ಜಡೆಯ ಆ ಹುಡುಗಿ ಸಂಜೆ ಏಳು ಹೊಡೆಯುತ್ತಿದ್ದ ಹಾಗೆ ಪುಸ್ತಕ ಮಡಚಿ ಓಡುತ್ತಿದ್ದದ್ದು ನೆನಪಾಯಿತು. ಇವಳಿಗೇನು, ಹಾಯಾಗಿ ಹೋಗುತ್ತಾಳೆ ಎಂದು ಅಂದು ಅಸೂಯೆಪಟ್ಟಿದ್ದಳು.

"ಪದಕ ವಾಪಸ್ ಕೇಳ್ತಾರಾ ಮೇಡಂ?"

"ಕೇಳಲಿ. ಬೀರುವಿನಲ್ಲಿ ಕೂತಿದೆ, ಒರೆಸೋ ಕೆಲಸ ತಪ್ಪುತ್ತೆ," ಎಂದು ಮೇಡಂ ಪುಸ್ತಕ ತೆರೆದರು. "ಎಷ್ಟಕ್ಕೆ ಎದ್ದಿರಿ?"

"ನಾಲ್ಕೂಮುಕ್ಕಾಲು."

ಅಷ್ಟರಲ್ಲಿ ಅತ್ತೆ ಗೋಡೆ ಹಿಡಿದುಕೊಂಡು ಬಂದು, ಮೇಡಂ ಎದುರಿಗೇ ಕೂತು, ಮಡಿಲಿಗೆ ಬೆಳ್ಳುಳ್ಳಿ ಸುರಿದುಕೊಂಡಳು. "ನಾನು ಕೂತಿದೀನಿ," ಎಂದಳು. "ನೋಡು. ಇದಕ್ಕೆ ಏನಂತ ಬರೀತೀಯ?"

"ಬೆಳ್ಳುಳ್ಳಿ ಬಿಡಿಸೋದು ಅಂತ ಬರೀತೀನಮ್ಮ."

"ಹಿಂದಿನದನ್ನೂ ತಿದ್ದು. ನಾಲ್ಕು ಗಂಟೆ."

"ತಿದ್ದೋ ಹಾಗಿಲ್ಲ. ಕೆಳಗೆ ಸೇರಿಸ್ತೀನಿ."

"ದಪ್ಪ ಅಕ್ಷರದಲ್ಲಿ ಸೇರಿಸು. ನನ್ನ ಮಗನಿಗೆ ಕಣ್ಣು ಸ್ವಲ್ಪ ಮಂಜು, ಇಂಥದ್ದು ಕಾಣಲ್ಲ."

ಮಗ ಎದ್ದದ್ದು ಏಳಕ್ಕೆ. ಭಾನುವಾರ ಹಾಸಿಗೆಯಿಂದಲೇ ಚಹಾ ಎಂದು ಕೂಗುವುದು ಅವನ ರೂಢಿ. ಕೂಗಲು ಬಾಯಿ ತೆರೆದವನು ಅಡುಗೆಮನೆಯ ಬಾಗಿಲಲ್ಲಿ ಪೆನ್ನು ಹಿಡಿದು ಕೂತ ಹೆಂಗಸನ್ನು ಕಂಡು ಬಾಯಿ ಮುಚ್ಚಿದ. ಒಳಗೆ ಹೋಗಿ ಅಂಗಿ ಹಾಕಿಕೊಂಡ. ಹಾಸಿಗೆ ಮಡಚಿದ. ಹೊದಿಕೆಯ ನಾಲ್ಕು ಮೂಲೆ ಸೇರಿಸಲು ಹೆಣಗಿ, ಕೊನೆಗೆ ಸುರುಳಿ ಸುತ್ತಿ ಮೂಲೆಗಿಟ್ಟ. ಆಮೇಲೆ ಗಂಟಲು ಸರಿಮಾಡಿಕೊಂಡು ಅಡುಗೆಮನೆಗೆ ಬಂದು, "ಸರಿ, ಮೇಡಂಗೆ ನಾನು ಚಹಾ ಮಾಡ್ತೀನಿ. ನೀನು ಕೂತ್ಕೋ" ಎಂದ.

ಅತ್ತೆಯ ಕೈಯಿಂದ ಬೆಳ್ಳುಳ್ಳಿ ಜಾರಿತು.

ಪುಟದಕ್ಕ ಒಲೆಯ ಮುಂದಿನಿಂದ ಸರಿದು ನಿಂತಳು. ಅವನು ನೀರಿಟ್ಟ. ಮೇಲಿನ ಗೂಡು ನೋಡಿದ, ಕೆಳಗಿನ ಗೂಡು ನೋಡಿದ, ಉಪ್ಪಿನ ಡಬ್ಬಿ ತೆಗೆದ, ಮೂಸಿದ, ಇಟ್ಟ. ನೀರು ಕುದಿದು ಅರ್ಧವಾಯಿತು.

"ಸಕ್ಕರೆ ಎಲ್ಲಿಟ್ಟಿದೀಯ?" ಎಂದು ಕೊನೆಗೆ ತಗ್ಗಿದ ದನಿಯಲ್ಲಿ ಕೇಳಿದ.

"ಇಪ್ಪತ್ತೈದು ವರ್ಷದಿಂದ ಎಲ್ಲಿದೆಯೋ ಅಲ್ಲೇ."

ಮೇಡಂ ಗಡಿಯಾರ ನೋಡಿ ಬರೆದುಕೊಳ್ಳುತ್ತಿದ್ದರು. ಪುಟದಕ್ಕ ಅವರತ್ತ ಬಾಗಿ ಮೆಲ್ಲಗೆ ಹೇಳಿದಳು: "ಇದನ್ನ ಹಾಗೇ ಬರ್ಕೋಬೇಡಿ ಮೇಡಂ. ಇವತ್ತು ಮನೆಗೆ ಅತಿಥಿ ಬಂದಿದಾರೆ."

ಸೋಮವಾರ ಮಧ್ಯಾಹ್ನ ನಾಲ್ಕು ಹಾಳೆಯ ಟಿಪ್ಪಣಿ, ಲೇಖಕಿಯ ಸಹಿಯೊಂದಿಗೆ, ನೆಲಮಾಳಿಗೆಗೆ ಬಂತು. ಮೊದಲ ಚೌಕದ ಗುರುತು ಹಾಗೇ ಇತ್ತು. ಟಿಪ್ಪಣಿ ಪ್ರಬಂಧದ ಕೊನೆಯಲ್ಲಲ್ಲ, ಮೊದಲ ಪುಟಕ್ಕೂ ಮೊದಲು ಬರಬೇಕು ಎಂದು ಮೇಡಂ ಕೇಳಿದ್ದರು; ಅದಕ್ಕೆ ನಿಯಮದಲ್ಲಿ ಜಾಗವಿದೆ ಎಂದು ಗ್ರಂಥಪಾಲಕರು ಅರ್ಧ ದಿನ ಹುಡುಕಿ ಕಂಡುಹಿಡಿದಿದ್ದರು. ಹಾಸ್ಟೆಲ್ ಗೇಟಿನ ವೇಳೆ ಅದರಲ್ಲಿತ್ತು, ಒಂದೇ ಕುಕ್ಕರಿನ ಸಂಚಾರ ಇತ್ತು, ಒಂಬತ್ತು ಮನೆಯವರ ಮಾತಿತ್ತು. ಮೂರು ಗಂಟೆ ಬಿಡುವು ಎಂಬ ಲೆಕ್ಕವನ್ನು ಯಾರೂ ಯಾವ ಯೋಜನೆಗೂ ಬಳಸಬಾರದು ಎಂಬ ಸಾಲಿನ ಕೆಳಗೆ ಗೆರೆ ಎಳೆದಿತ್ತು. ವಿಶ್ರಾಂತಿ ನಾಲ್ಕು ಗಂಟೆ ಎಂಬುದರ ತಿದ್ದುಪಡಿ, ಕೇಳಿಕೊಂಡ ಹಾಗೆ, ದಪ್ಪ ಅಕ್ಷರದಲ್ಲಿತ್ತು.

ಪುಟದಕ್ಕ ಬೆರಳಿಗೆ ಟೋಪಿ ಹಾಕಿಕೊಂಡು, ಗಾಜು ಇಳಿಸಿ, ಪೆಡಲ್ ಒತ್ತಿದಳು. ನಾಲ್ಕನೇ ಹಾಳೆಯ ಕೊನೆಯಲ್ಲಿ ಹದಿನೇಳನೇ ಮನೆಯ ಭಾನುವಾರದ ಕೋಷ್ಟಕವಿತ್ತು. ಅವಳದ್ದು ಹದಿಮೂರು ಸಾಲು. ಅತ್ತೆಯದ್ದು ಏಳು. ಕಟ್ಟಕಡೆಯ ಸಾಲು ಹೀಗಿತ್ತು:

ಗಂಡ: ಚಹಾ ಮಾಡಿದ್ದು, ಹದಿನಾಲ್ಕು ನಿಮಿಷ. ಅದರಲ್ಲಿ ಸಕ್ಕರೆ ಹುಡುಕಿದ್ದು ಆರು. ಅತಿಥಿ ಇದ್ದ ದಿನ.

ಇದ್ದದ್ದು ಇದ್ದ ಹಾಗೆ ಬಂದಿದೆಯೇ ಎಂದು ಪರದೆಯಲ್ಲಿ ಒಮ್ಮೆ ನೋಡಿ ಅವಳು ಮುಂದಿನ ಪುಸ್ತಕ ಎತ್ತಿಕೊಂಡಳು.